ಪನ್ಹಾಳಗಡಕ್ಕೆ ಒಂದು ದಿನ: ಏನನ್ನು ನೋಡಬೇಕು, ಏನನ್ನು ಬಿಡಬೇಕು

ವಿಭಾಗದ ಈ ವರ್ಷದ ಅಧ್ಯಯನ ಪ್ರವಾಸಕ್ಕೆ ಪನ್ಹಾಳಗಡದ ಹೆಸರು ಬಂದಾಗ ವಿದ್ಯಾರ್ಥಿಗಳಿಂದ ಎರಡು ಪ್ರಶ್ನೆಗಳು ಕೇಳಿಬಂದವು. ಮೊದಲನೆಯದು, ಮರಾಠರ ಇತಿಹಾಸಕ್ಕೆ ಹೆಸರಾದ ಕೋಟೆಗೆ ಕನ್ನಡ ವಿಭಾಗದವರೇಕೆ ಹೋಗಬೇಕು ಎಂಬುದು. ಎರಡನೆಯದು, ಬೆಳಿಗ್ಗೆ ಹೊರಟು ರಾತ್ರಿಯೊಳಗೆ ಊರು ಸೇರಲು ಸಾಧ್ಯವೇ ಎಂಬುದು. ಎರಡೂ ನ್ಯಾಯವಾದ ಪ್ರಶ್ನೆಗಳೇ. ಎರಡನೆಯದಕ್ಕೆ ಮೊದಲು ಉತ್ತರಿಸುವುದು ಮೇಲು. ಏಕೆಂದರೆ ಉಮದಿ, ಸಂಖ, ಮಾಡಗ್ಯಾಳದ ಕಡೆಯಿಂದ ಬರುವ ವಿದ್ಯಾರ್ಥಿನಿಯರಿಗೆ ಮನೆಯಲ್ಲಿ ಅನುಮತಿ ದೊರೆಯುವುದು ಅದನ್ನೇ ಅವಲಂಬಿಸಿದೆ.

ಜತ್ತದಿಂದ ಕವಠೇಮಹಾಂಕಾಳ, ಮಿರಜ, ಜಯಸಿಂಗಪುರದ ಮೇಲೆ ಕೊಲ್ಲಾಪುರ. ಅಲ್ಲಿಂದ ವಾಯವ್ಯಕ್ಕೆ 20 ಕಿ.ಮೀ. ಏರಿದರೆ ಪನ್ಹಾಳ. ಒಟ್ಟು ದಾರಿ ಸುಮಾರು 150 ಕಿ.ಮೀ. ಚಹಾಕ್ಕೆ ಒಮ್ಮೆ ನಿಂತರೂ ನಾಲ್ಕೂವರೆ ಗಂಟೆ ಹಿಡಿಯಿರಿ. ಬೆಳಿಗ್ಗೆ ಐದಕ್ಕೆ ಬಸ್ಸು ಹೊರಟರೆ ಒಂಬತ್ತೂವರೆಗೆ ಕೋಟೆಯೊಳಗಿರುತ್ತೇವೆ. ಸಂಜೆ ನಾಲ್ಕಕ್ಕೆ ಮರಳಿ ಹೊರಟರೆ ಎಂಟೂವರೆಗೆ ಜತ್ತ. ಊಟಕ್ಕೊಂದು ಗಂಟೆ ಕಳೆದರೆ ಗುಡ್ಡದ ಮೇಲೆ ನಮಗುಳಿಯುವುದು ಐದೂವರೆ ಗಂಟೆ ಮಾತ್ರ. ಪ್ರವಾಸದ ಯೋಜನೆಯೆಂದರೆ ಈ ಐದೂವರೆ ಗಂಟೆಯನ್ನು ಕಾಯ್ದುಕೊಳ್ಳುವುದೇ ಆಗಿದೆ.

ಅದನ್ನು ನುಂಗಿಹಾಕುವುದು ನಮ್ಮ ಭಕ್ತಿ. ಕೊಲ್ಲಾಪುರದವರೆಗೆ ಹೋದ ಮೇಲೆ ಮಹಾಲಕ್ಷ್ಮಿಯ ದರ್ಶನ ಬೇಡವೇ, ದಾರಿಯಲ್ಲೇ ಇರುವ ಜ್ಯೋತಿಬಾನನ್ನು ಬಿಡುವುದೇ ಎಂದು ಬಸ್ಸಿನಲ್ಲಿ ಯಾರಾದರೂ ಒಬ್ಬರು ಎತ್ತುತ್ತಾರೆ, ಉಳಿದವರು ಹೂಂಗುಡುತ್ತಾರೆ. ಎರಡೂ ಕಡೆ ಸರದಿಯಲ್ಲಿ ನಿಂತರೆ ಮಧ್ಯಾಹ್ನ ಕಳೆಯುತ್ತದೆ. ಪನ್ಹಾಳದಲ್ಲಿ ಭಾವಚಿತ್ರ ತೆಗೆಸಿಕೊಳ್ಳುವಷ್ಟೇ ಹೊತ್ತು ಮಿಗುತ್ತದೆ. ಆದ್ದರಿಂದ ದರ್ಶನಗಳನ್ನು ಮನೆಯವರೊಡನೆ ಹೋಗುವ ದಿನಕ್ಕೆ ಮುಂದೂಡಬೇಕೆಂದು, ಸ್ವಲ್ಪ ಅಪ್ರಿಯವಾದರೂ, ಈಗಲೇ ಹೇಳಿಬಿಡುವುದು ಒಳ್ಳೆಯದು.

ಇನ್ನು ಮೊದಲ ಪ್ರಶ್ನೆ. ಈ ಗುಡ್ಡವನ್ನು ದುರ್ಗವಾಗಿಸಿದವನು ಕೊಲ್ಲಾಪುರದ ಶಿಲಾಹಾರ ವಂಶದ ಇಮ್ಮಡಿ ಭೋಜ. 1178ರಿಂದ 1209ರ ನಡುವಣ ಅವಧಿಯಲ್ಲಿ ಅವನು ಕಟ್ಟಿಸಿದನೆನ್ನುವ ಹದಿನೈದು ಕೋಟೆಗಳಲ್ಲಿ ಇದೂ ಒಂದು. 1191-92ರ ಹೊತ್ತಿಗೆ ಅವನ ಒಡ್ಡೋಲಗ ಇಲ್ಲಿಯೇ ನಡೆಯುತ್ತಿತ್ತು. ಶಿಲಾಹಾರರು ತಮ್ಮನ್ನು ತಗರಪುರದ, ಎಂದರೆ ಇಂದಿನ ಧಾರಾಶಿವ ಜಿಲ್ಲೆಯ ತೇರದ, ಒಡೆಯರೆಂದು ಕರೆದುಕೊಂಡವರು. ಅವರ ಶಾಸನಗಳಲ್ಲಿ ಹಲವು ಕನ್ನಡದಲ್ಲಿವೆ. ಭೋಜನ ತಂದೆ ವಿಜಯಾದಿತ್ಯನ ಮಂತ್ರಿಯಾಗಿದ್ದ ಲಕ್ಷ್ಮನ ಆಶ್ರಯದಲ್ಲಿ ಕರ್ಣಪಾರ್ಯನು 'ನೇಮಿನಾಥಪುರಾಣ'ವನ್ನು ಬರೆದನು. ನಮ್ಮ ಸಾಹಿತ್ಯ ಚರಿತ್ರೆಯ ಪಾಠದಲ್ಲಿ ಒಂದು ಸಾಲಾಗಿ ಬಂದು ಹೋಗುವ ಕವಿ. ಭೋಜನ ಕಾಲದಲ್ಲಿಯೇ, 1205ರಲ್ಲಿ, ಸೋಮದೇವನು ಇಂದಿನ ಆಜರಾದಲ್ಲಿ ಕುಳಿತು 'ಶಬ್ದಾರ್ಣವಚಂದ್ರಿಕೆ' ಎಂಬ ಸಂಸ್ಕೃತ ವ್ಯಾಕರಣ ಗ್ರಂಥವನ್ನು ರಚಿಸಿದನು. ಕೆಲವೇ ವರ್ಷಗಳಲ್ಲಿ ಸೇವುಣರ ಸಿಂಘಣನು ಭೋಜನನ್ನು ಸೋಲಿಸಿ ಆ ವಂಶದ ಆಳಿಕೆಯನ್ನೇ ಮುಗಿಸಿದನು.

ಹಾಗೆಂದು ಅಲ್ಲಿ ಕಲ್ಲುಕಲ್ಲಿನಲ್ಲೂ ಹಳಗನ್ನಡ ಕಾಣುವುದೆಂದು ತಿಳಿಯಬಾರದು. ಇಂದು ಕಣ್ಣಿಗೆ ಬೀಳುವ ಕಟ್ಟಡಗಳಲ್ಲಿ ಹೆಚ್ಚಿನವು ಆದಿಲಶಾಹಿಯವು. ತೀನ್ ದರವಾಜಾದ ಮೇಲಿನ ಬರೆಹ ಪಾರಸಿಯದು. ಮರಾಠಿಯ ಪಂಡಿತಕವಿ ಮೋರೋಪಂತರು 1729ರಲ್ಲಿ ಹುಟ್ಟಿದ್ದು ಇದೇ ಗುಡ್ಡದ ಮೇಲೆ. ಒಂದು ಭಾಷೆ ಇನ್ನೊಂದರ ಮೇಲೆ ಪದರವಾಗಿ ಕುಳಿತಿರುವ ಊರಿದು. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿ ಆಡುವ ನಮ್ಮ ತಾಲೂಕಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ಜತ್ತದ ವಿದ್ಯಾರ್ಥಿ ಪನ್ಹಾಳದಲ್ಲಿ ಎಲ್ಲಕ್ಕಿಂತ ಹೆಚ್ಚು ಹೊತ್ತು ನಿಲ್ಲಬೇಕಾದುದು ನೀರಿನ ಮತ್ತು ಕಾಳಿನ ಮುಂದೆ ಎಂದು ನನ್ನ ಅಭಿಪ್ರಾಯ. ಸುತ್ತಣ ಬಯಲಿಗಿಂತ ಸುಮಾರು 400 ಮೀಟರ್ ಎತ್ತರದ ಗುಡ್ಡ; ಮೇಲೆ ಹೊಳೆಯಿಲ್ಲ. ಏಳು ಕಿ.ಮೀ.ಗೂ ಮಿಕ್ಕಿದ ಕೋಟೆಗೋಡೆಯೊಳಗೆ ಸಾವಿರಾರು ಜನ, ಕುದುರೆಗಳು. ಇವರೆಲ್ಲ ತಿಂಗಳುಗಟ್ಟಲೆ ಏನು ಕುಡಿದರು, ಏನು ಉಂಡರು? ಮಳೆಗಾಗಿ ಮುಗಿಲು ನೋಡುತ್ತ ಬೆಳೆದ ನಮಗೆ ಈ ಪ್ರಶ್ನೆ ಪುಸ್ತಕದ್ದಲ್ಲ.

ಉತ್ತರದ ಅರ್ಧ ನೆಲದಲ್ಲಿದೆ. ಗುಡ್ಡದ ನೆತ್ತಿಗೆ ಮುರಕಲ್ಲಿನ ಹೊದಿಕೆಯಿದೆ, ಅದರ ಕೆಳಗೆ ಕರಿಕಲ್ಲು. ತೂತುತೂತಾದ ಮುರಕಲ್ಲು ಮಳೆನೀರನ್ನು ಹೀರಿಕೊಳ್ಳುತ್ತದೆ, ಕೆಳಗಿನ ಗಟ್ಟಿಕಲ್ಲು ಅದನ್ನು ಸುಲಭವಾಗಿ ಇಳಿಯಗೊಡುವುದಿಲ್ಲ. ಹಾಗಾಗಿ ಗುಡ್ಡದ ಮೇಲೂ ಬಾವಿಗೆ ನೀರು ದೊರೆಯುತ್ತದೆ. ಸೋಮಾಳೆ, ಸಾದೋಬಾ ಕೆರೆಗಳೂ ಇವೆ. ಉತ್ತರದ ಉಳಿದರ್ಧ ಅಂಧಾರ ಬಾವಡಿಯಲ್ಲಿದೆ. ಹೆಸರೇ ಹೇಳುವಂತೆ ಇದು ಕತ್ತಲ ಬಾವಿ. ಹೊರಗಿನಿಂದ ನೋಡಿದರೆ ಬಾವಿಯೆಂದು ತಿಳಿಯದ ಮೂರಂತಸ್ತಿನ ಕಟ್ಟಡ. ಸುತ್ತುವ ಮೆಟ್ಟಿಲುಗಳನ್ನಿಳಿದರೆ ತಳದಲ್ಲಿ ನೀರು. ಮುತ್ತಿಗೆಯ ಕಾಲದಲ್ಲಿ ವೈರಿಗಳು ಮೊದಲು ಮಾಡುವ ಕೆಲಸ ಬಾವಿಗೆ ವಿಷ ಬೆರೆಸುವುದು. ಅದನ್ನು ತಡೆಯಲು ಬಾವಿಯನ್ನೇ ಮನೆಯೊಳಗೆ ಮುಚ್ಚಿಟ್ಟು, ಗೋಡೆಯ ಗೂಡುಗಳಲ್ಲಿ ಕಾವಲುಗಾರರನ್ನು ನಿಲ್ಲಿಸಿ, ಕೋಟೆಯ ಹೊರಗೆ ಹೋಗುವ ಗುಟ್ಟಿನ ದಾರಿಯನ್ನೂ ಇಟ್ಟರು.

ಕೋಟೆಯ ನಡುವೆ ಅಂಬರಖಾನಾ ಇದೆ: ಗಂಗಾ, ಯಮುನಾ, ಸರಸ್ವತಿ ಎಂಬ ಮೂರು ಕಣಜಗಳು. ಗಂಗಾ ಕೋಠಿ ಒಂದರಲ್ಲಿಯೇ 25,000 ಖಂಡಿ ಧಾನ್ಯ ಹಿಡಿಯುತ್ತಿತ್ತೆನ್ನುತ್ತಾರೆ. ಅದರ ಮಾಳಿಗೆಯ ಮೇಲೇರಿ ನೋಡಿದರೆ ಅಲ್ಲಲ್ಲಿ ತೂತುಗಳು. ಕಾಳನ್ನು ಮೇಲಿನಿಂದ ಸುರಿಯಲು. ನಮ್ಮ ಅಜ್ಜಂದಿರ ಕಾಲದ ಜೋಳದ ಹಗೇವನ್ನು ಕಂಡವರು ಈ ತೂತಿನ ಮುಂದೆ ನಗದೆ ಇರಲಾರರು. ಅದೇ ಉಪಾಯ, ನೆಲದೊಳಗಿದ್ದುದು ಇಲ್ಲಿ ನೆಲದ ಮೇಲೆ, ಮನೆಯಷ್ಟಿದ್ದುದು ಅರಮನೆಯಷ್ಟು.

ಇವೆರಡನ್ನು ಕಂಡ ಬಳಿಕವೇ 1660ರ ಕಥೆಗೆ ಬರಬೇಕು. ಅಫಜಲಖಾನನು ಸತ್ತ ಹದಿನೆಂಟೇ ದಿನಗಳಲ್ಲಿ, 1659ರ ನವೆಂಬರ್ 28ರಂದು, ಶಿವಾಜಿ ಮಹಾರಾಜರು ಕೋಟೆಯನ್ನು ಹಿಡಿದರು. ಅದನ್ನು ಮರಳಿ ಪಡೆಯಲು ವಿಜಾಪುರದಿಂದ ಸಿದ್ದಿ ಜೌಹರನ ಸೈನ್ಯ ಬಂತು. ಜತ್ತದ ನೆಲವೂ ಆಗ ಅದೇ ವಿಜಾಪುರದ ಆಡಳಿತಕ್ಕೆ ಸೇರಿತ್ತು. ಮಾರ್ಚಿನಿಂದ ಜುಲೈವರೆಗೆ ಮುತ್ತಿಗೆ. ಒಂದು ಮಳೆಯ ರಾತ್ರಿ ಮಹಾರಾಜರು ಸುಮಾರು 600 ಜನರೊಡನೆ ವಿಶಾಳಗಡದತ್ತ ಹೊರಟದ್ದು, ಅವರ ವೇಷದಲ್ಲಿ ಶಿವಾ ಕಾಶೀದನು ಸಿಕ್ಕಿಬಿದ್ದು ಪ್ರಾಣಕೊಟ್ಟದ್ದು, ಕಣಿವೆಯಲ್ಲಿ ಬಾಜೀಪ್ರಭು ದೇಶಪಾಂಡೆ ವೈರಿಗಳನ್ನು ತಡೆದು ನಿಂತು ಮಡಿದದ್ದು ಎಲ್ಲರೂ ಬಲ್ಲ ಸಂಗತಿಗಳು. ಆದರೆ ಅಷ್ಟು ತಿಂಗಳು ಆ ಗುಡ್ಡದ ಮೇಲೆ ತಾಳಿಕೊಂಡದ್ದು ಹೇಗೆಂಬುದು ಬಾವಡಿ ಮತ್ತು ಕಣಜಗಳ ಮುಂದೆ ನಿಂತಾಗಲೇ ತಿಳಿಯುವುದು. ಈ ಕೋಟೆ 2025ರ ಜುಲೈಯಲ್ಲಿ ಇನ್ನೂ ಹನ್ನೊಂದು ಕೋಟೆಗಳೊಡನೆ ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಜನಸಂದಣಿ ಹೆಚ್ಚಬಹುದು. ಭಾನುವಾರವನ್ನು ಬಿಟ್ಟು ಬೇರೆ ದಿನ ಹೋಗುವುದು ಲೇಸು.

ನಡೆಯುವ ಕ್ರಮ ಹೀಗಿರಲಿ. ಬಸ್ಸು ಪೂರ್ವದ ಚಾರ್ ದರವಾಜಾದ ಜಾಗದಿಂದ ಒಳಗೆ ಹೋಗುತ್ತದೆ. 1844ರ ದಂಗೆಯ ಕಾಲದಲ್ಲಿ ಬ್ರಿಟಿಷರು ಆ ಬಾಗಿಲನ್ನು ಕೆಡವಿದ್ದರಿಂದ ಅಲ್ಲಿ ಈಗ ರಸ್ತೆಯಷ್ಟೇ ಇದೆ. ಕಾಲಿನಲ್ಲಿ ಬಲವಿರುವಾಗಲೇ ಪಶ್ಚಿಮದ ತೀನ್ ದರವಾಜಾ ಮತ್ತು ಅಂಧಾರ ಬಾವಡಿ; ಅನಂತರ ಅಂಬರಖಾನಾ; ಊಟದ ಬಳಿಕ ಸಜ್ಜಾಕೋಠಿ. ಹೊತ್ತು ಸಾಲದಿದ್ದರೆ ಸಜ್ಜಾಕೋಠಿಯನ್ನು ಬಿಡಬಹುದು, ಬಾವಡಿಯನ್ನಲ್ಲ.

ಮಳೆಗಾಲದಲ್ಲಿ ಮಂಜು ಕವಿದು ಏನೂ ಕಾಣದು, ಮೆಟ್ಟಿಲೂ ಜಾರುತ್ತದೆ. ಬೇಸಿಗೆಯಲ್ಲಿ ದ್ರಾಕ್ಷಿಯ ಸುಗ್ಗಿ, ಅದಕ್ಕೆ ಮೊದಲು ಜೋಳದ ಕೊಯ್ಲು; ಮನೆಯವರು ಮಕ್ಕಳನ್ನು ಕಳಿಸರು. ಆದ್ದರಿಂದ ಡಿಸೆಂಬರಿನ ಮೊದಲ ವಾರಗಳೇ ಸರಿಯಾದ ಕಾಲ. ಶೈಕ್ಷಣಿಕ ಪ್ರವಾಸಕ್ಕೆ ಎಸ್.ಟಿ. ಬಸ್ಸಿನ ದರದಲ್ಲಿ ರಿಯಾಯಿತಿಯಿದೆ. ಪ್ರಾಚಾರ್ಯರ ಪತ್ರದೊಡನೆ ಡೆಪೋದಲ್ಲಿ ಮುಂಚೆಯೇ ಅರ್ಜಿ ಕೊಡಬೇಕು. ಗುಡ್ಡದ ಮೇಲೆ ಝುಣಕ-ಭಾಕರಿ ಸಿಗುತ್ತದೆ. ಆದರೂ ರೊಟ್ಟಿ, ಶೇಂಗಾ ಚಟ್ನಿಯ ಬುತ್ತಿ ಕಟ್ಟಿಕೊಂಡು ಬಂದವರಿಗೆ ಒಂದು ಗಂಟೆಯ ಬಿಡುವಿನಲ್ಲಿ ಅರ್ಧ ಗಂಟೆ ಉಳಿಯುತ್ತದೆ. ಬಾವಡಿಯ ಕತ್ತಲಿಗೆ ನಾಲ್ವರಿಗೊಂದು ಬ್ಯಾಟರಿ, ಜಾರದ ಚಪ್ಪಲಿ ಇರಲಿ. ರಾತ್ರಿ ಎಂಟೂವರೆಗೆ ಜತ್ತದಲ್ಲಿ ಇಳಿದ ಮೇಲೆ ಯಾವ ಊರಿನ ಯಾರನ್ನು ಯಾರು ಕರೆದೊಯ್ಯುವರೆಂಬ ಪಟ್ಟಿಯನ್ನು, ಪಾಲಕರ ಸಹಿಯೊಡನೆ, ಬಸ್ಸು ನಿಗದಿಯಾಗುವ ಮೊದಲೇ ವಿಭಾಗಕ್ಕೆ ಕೊಡಬೇಕು.