ಗುಜರಾತಿನ ಫೋಟೊ, ಕನ್ನಡದ ಅಡಿಬರಹ

ಗುಜರಾತಿಗೆ ಬಂದು ನೆಲೆಸಿದ ಕನ್ನಡಿಗರ ಮೊಬೈಲ್‌ನಲ್ಲಿ ಮೂರು ಫೋಟೊ ಇದ್ದೇ ಇರುತ್ತವೆ. ಸಾಬರಮತಿ ಆಶ್ರಮದ ಅಂಗಳದಲ್ಲಿ ನಿಂತದ್ದು, ಉತ್ತರಾಯಣದ ದಿನ ತಾರಸಿ ಮೇಲೆ ಗಾಳಿಪಟದ ದಾರ ಹಿಡಿದದ್ದು, ನವರಾತ್ರಿಯಲ್ಲಿ ಗರ್ಬಾ ಉಡುಪು ತೊಟ್ಟದ್ದು. ಅವು ಊರಿನ ವಾಟ್ಸ್‌ಆ್ಯಪ್ ಗುಂಪಿಗೆ ಹೋಗುತ್ತವೆ. ಅತ್ತೆ, ಮಾವ, ಚಿಕ್ಕಮ್ಮಂದಿರ ಹೆಬ್ಬೆರಳುಗಳು ಬರುತ್ತವೆ. ವಾರ ಕಳೆಯುವಷ್ಟರಲ್ಲಿ ಶುಭೋದಯದ ರಾಶಿಯಡಿ ಹೂತುಹೋಗುತ್ತವೆ. ಮೊಬೈಲ್ ಬದಲಾದ ದಿನ ಆ ಫೋಟೊಗಳ ಆಯುಷ್ಯವೂ ಮುಗಿಯುತ್ತದೆ.

ನಾನು ಗದಗ ಕಡೆಯವನು. ಜವಳಿ ಯಂತ್ರಗಳ ಸರ್ವಿಸ್ ಎಂಜಿನಿಯರ್. ಮನೆ ಅಹಮದಾಬಾದ್‌ನಲ್ಲಿ, ಕೆಲಸ ಹೆಚ್ಚಾಗಿ ಸೂರತ್‌ನಲ್ಲಿ, ನಡುವೆ ವಡೋದರಾ. ವಾರಕ್ಕೊಮ್ಮೆಯಾದರೂ ಈ ಮೂರೂ ಊರುಗಳನ್ನು ರೈಲಿನಲ್ಲಿ ದಾಟುತ್ತೇನೆ. ಆ ಹೊತ್ತು ಕಳೆಯಲು ಶುರುವಾದ ಹವ್ಯಾಸವೇ ವಿಕಿಮೀಡಿಯ ಕಾಮನ್ಸ್ ನೋಡುವುದು. 2004ರಲ್ಲಿ ಆರಂಭವಾದ ಈ ಸಾರ್ವಜನಿಕ ಚಿತ್ರಭಂಡಾರದಲ್ಲಿ ಇಂದು 10 ಕೋಟಿಗೂ ಹೆಚ್ಚು ಕಡತಗಳಿವೆ. ಯಾರು ಬೇಕಾದರೂ ತಾವು ತೆಗೆದ ಫೋಟೊ ಹಾಕಬಹುದು, ತೆಗೆದವರ ಹೆಸರು ಹೇಳಿ ಯಾರು ಬೇಕಾದರೂ ಬಳಸಬಹುದು. ವಿಕಿಪೀಡಿಯ ಪುಟಗಳಲ್ಲಿ ಕಾಣುವ ಚಿತ್ರಗಳಲ್ಲಿ ಬಹುಪಾಲು ಇಲ್ಲಿಂದಲೇ ಬಂದವು. ಲೈಕು, ಫಾಲೋವರುಗಳ ಗದ್ದಲ ಇಲ್ಲಿಲ್ಲ. ನಮ್ಮ ಈ ಮೂರು ಊರುಗಳ ಬಗ್ಗೆ ಅಲ್ಲಿ ನೋಡಿದ, ನಾನೂ ಒಂದಿಷ್ಟು ಸೇರಿಸಿದ ಚಿತ್ರಗಳಲ್ಲಿ ಕೆಲವನ್ನು ನಿಮ್ಮ ಮುಂದಿಡುತ್ತೇನೆ.

ಅಹಮದಾಬಾದ್: ಜಾಲಂಧ್ರದಿಂದ ಇಟ್ಟಿಗೆ ಕಮಾನಿನವರೆಗೆ

2017ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ನಗರ ಎಂದು ಘೋಷಿಸಿದ ಭಾರತದ ಮೊದಲ ಊರು ಇದು. ಇಲ್ಲಿ ಕ್ಯಾಮೆರಾ ಹಿಡಿದವರು ಬಿಡದೆ ತೆಗೆಯುವ ಚಿತ್ರ ಸಿದಿ ಸೈಯ್ಯದ್ ಮಸೀದಿಯ ಕಲ್ಲಿನ ಜಾಲಂಧ್ರ. 1572-73ರ ಈ ಮಸೀದಿಯ ಹಿಂಗೋಡೆಯಲ್ಲಿ ಕಲ್ಲನ್ನೇ ಬಳ್ಳಿಯಾಗಿ ಹೆಣೆದಂತೆ ಮರದ ಕೆತ್ತನೆ ಇದೆ. ಗೋಡೆ ಪಶ್ಚಿಮಕ್ಕಿರುವುದರಿಂದ ಸಂಜೆಯ ಬಿಸಿಲು ಅದರ ಮೂಲಕ ಒಳಗೆ ಸೋಸಿ ಬರುತ್ತದೆ. ಐಐಎಂ ಅಹಮದಾಬಾದ್‌ನ ಲಾಂಛನಕ್ಕೆ ಇದೇ ಸ್ಫೂರ್ತಿ.

ಈ ಚಿತ್ರದಲ್ಲಿ ಕನ್ನಡಿಗರು ಗಮನಿಸಬೇಕಾದ ಇನ್ನೊಂದು ಅಂಶ ಹೆಸರಿನಲ್ಲೇ ಇದೆ. ಮಸೀದಿ ಕಟ್ಟಿಸಿದ ಸಿದಿ ಸೈಯ್ಯದ್ ಅಬಿಸೀನಿಯಾ ಮೂಲದವರು. ನಮ್ಮ ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಾಡಂಚಿನ ಸಿದ್ದಿಗಳೂ ಆಫ್ರಿಕಾ ಮೂಲದವರೇ. ಉತ್ತರ ಕನ್ನಡದ ಸಹೋದ್ಯೋಗಿಯೊಬ್ಬರಿಗೆ ಈ ಫೋಟೊ ತೋರಿಸಿ ವಿಷಯ ಹೇಳಿದಾಗ ಅವರು ಬಹಳ ಹೊತ್ತು ಅದನ್ನೇ ನೋಡುತ್ತ ಕೂತರು. 'ನಮ್ಮೂರಲ್ಲಿ ಸಿದ್ದಿಗಳು ಅಂದ್ರೆ ಕಾಡಿನ ಕೂಲಿಯವ್ರು ಅಂತಷ್ಟೇ ಗೊತ್ತಿತ್ತು ಮಾರಾಯ್ರೆ' ಅಂದರು.

ಊರಿನಿಂದ ಉತ್ತರಕ್ಕೆ ಸುಮಾರು 18 ಕಿ.ಮೀ. ಹೋದರೆ ಅಡಾಲಜ್‌ನ ವಾವ್, ಅಂದರೆ ಮೆಟ್ಟಿಲುಬಾವಿ. 1498-99ರದ್ದು, ಭೂಮಿಯೊಳಗೆ ಐದು ಅಂತಸ್ತು. ಕೆಳಗಿಳಿದಂತೆ ಬಿಸಿಲು ತಗ್ಗಿ ಗಾಳಿ ತಂಪಾಗುತ್ತದೆ. ತಳದಿಂದ ಮೇಲಕ್ಕೆ ತೆಗೆದ ಫೋಟೊಗಳಲ್ಲಿ ಎಂಟು ಮೂಲೆಯ ಚೌಕಟ್ಟಿನೊಳಗೆ ಆಕಾಶದ ತುಣುಕು ಕಾಣುತ್ತದೆ. ಲಕ್ಕುಂಡಿಯ ಮಾಣಿಕೇಶ್ವರ ದೇವಾಲಯಕ್ಕೆ ಹೊಂದಿಕೊಂಡ ಮುಸುಕಿನ ಬಾವಿಯನ್ನು ಚಿಕ್ಕಂದಿನಿಂದ ನೋಡಿದ ನನಗೆ ಎರಡರ ಫೋಟೊಗಳನ್ನೂ ಅಕ್ಕಪಕ್ಕ ಇಟ್ಟು ನೋಡುವುದೇ ಒಂದು ಖುಷಿ. ನಮ್ಮ ಬಾವಿ ದೇವರ ಅಂಗಳಕ್ಕೆ ಸೇರಿದ್ದು. ವಾವ್ ಬಿಸಿಲಿನಲ್ಲಿ ದಣಿದವರಿಗೆ ನೀರಿನ ಜೊತೆ ನೆರಳನ್ನೂ ಕೊಟ್ಟದ್ದು.

ಇನ್ನೊಂದು ಸಾಲಿನ ಚಿತ್ರಗಳು ಲೂಯಿ ಕಾನ್ ವಿನ್ಯಾಸ ಮಾಡಿದ ಐಐಎಂನ ಇಟ್ಟಿಗೆ ಕಟ್ಟಡಗಳವು. ಕಾನ್ ಅವರನ್ನು ಇಲ್ಲಿಗೆ ಕರೆತಂದವರು ಬಿ.ವಿ. ದೋಶಿ. ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯ ಐಐಎಂ ನೋಡಿದವರಿಗೆ ದೋಶಿಯವರ ಕೆಲಸದ ಪರಿಚಯವಿದೆ, ಅದು ಅವರದೇ ವಿನ್ಯಾಸ. 2020ರ ಡಿಸೆಂಬರ್‌ನಲ್ಲಿ ಇಲ್ಲಿನ ಐಐಎಂ ತನ್ನ 18 ವಿದ್ಯಾರ್ಥಿನಿಲಯಗಳಲ್ಲಿ 14ನ್ನು ಕೆಡವಿ ಹೊಸದಾಗಿ ಕಟ್ಟುವುದಾಗಿ ಹೇಳಿತು. ಜಗತ್ತಿನೆಲ್ಲೆಡೆಯಿಂದ ವಿರೋಧ ಬಂದು 2021ರ ಹೊಸ ವರ್ಷದ ದಿನ ಆ ಯೋಜನೆ ಹಿಂದಕ್ಕೆ ಹೋಯಿತು. ಆದರೆ 2022ರಲ್ಲಿ ಪುನರ್ನಿರ್ಮಾಣದ ಮಾತು ಮತ್ತೆ ಬಂತು. ವಿರೋಧಿಸಿದವರಲ್ಲಿ ಅಹಮದಾಬಾದ್‌ಗೆ ಕಾಲಿಡದವರೂ ಇದ್ದರು. ಆ ದುಂಡು ಕಮಾನುಗಳನ್ನು ಅವರು ಕಂಡದ್ದು ಬೇರೆಯವರು ತೆಗೆದ ಫೋಟೊಗಳಲ್ಲೇ.

ಮೊಟೇರಾ ಕ್ರೀಡಾಂಗಣದ್ದು ಮುಗಿದೇ ಹೋದ ಕಥೆ. 1996ರ ನವೆಂಬರ್‌ನಲ್ಲಿ ನಮ್ಮ ಜಾವಗಲ್ ಶ್ರೀನಾಥ್ 21 ರನ್ನಿಗೆ 6 ವಿಕೆಟ್ ಕಿತ್ತು ದಕ್ಷಿಣ ಆಫ್ರಿಕಾವನ್ನು 105ಕ್ಕೆ ಉರುಳಿಸಿದ್ದು ಅಲ್ಲಿ. ಆ ಹಳೆಯ ಕ್ರೀಡಾಂಗಣ ಈಗ ಇಲ್ಲ. ಅದನ್ನು ಕೆಡವಿ ಅದೇ ಜಾಗದಲ್ಲಿ ಹೊಸದನ್ನು ಕಟ್ಟಲಾಗಿದೆ. ಶ್ರೀನಾಥ್ ಬೌಲಿಂಗ್ ಮಾಡಿದ ಅಂಗಳದ ಸುತ್ತಲಿನ ಆ ಗ್ಯಾಲರಿಗಳನ್ನು ನೋಡಬೇಕೆಂದರೆ ಇನ್ನು ಫೋಟೊಗಳೇ ಗತಿ.

ವಡೋದರಾ: ಫೋಟೊ ತೆಗೆದವರ ಊರು

ವಡೋದರಾ ಎಂದರೆ ಎಲ್ಲರೂ ಹಾಕುವುದು 1890ರಲ್ಲಿ ಪೂರ್ಣಗೊಂಡ ಲಕ್ಷ್ಮೀ ವಿಲಾಸ ಅರಮನೆಯ ಚಿತ್ರ. ಮೂರನೇ ಸಯ್ಯಾಜಿರಾವ್ ಗಾಯಕವಾಡರ ಕಾಲದ್ದು. ನನಗೆ ಮಾತ್ರ ಈ ಊರು ಮೂವರು ಛಾಯಾಚಿತ್ರಕಾರರ ಕಾರಣಕ್ಕೆ ದೊಡ್ಡದು.

ಮೊದಲನೆಯವರು ಹೋಮೈ ವ್ಯಾರಾವಾಲಾ, ಭಾರತದ ಮೊದಲ ಪತ್ರಿಕಾ ಛಾಯಾಗ್ರಾಹಕಿ. ಸೂರತ್ ಸಮೀಪದ ನವಸಾರಿಯಲ್ಲಿ 1913ರಲ್ಲಿ ಹುಟ್ಟಿದರು. ಸ್ವಾತಂತ್ರ್ಯದ ಹೊತ್ತಿನ ದಿಲ್ಲಿಯನ್ನು ಕ್ಯಾಮೆರಾದಲ್ಲಿ ಹಿಡಿದಿಟ್ಟರು. ಆಮೇಲೆ ವಡೋದರಾಕ್ಕೆ ಬಂದು, 2012ರ ಜನವರಿಯಲ್ಲಿ ತೀರಿಕೊಳ್ಳುವವರೆಗೆ ಇಲ್ಲೇ ಇದ್ದರು. ಅವರ ಆರಂಭದ ಫೋಟೊಗಳು ಅಚ್ಚಾದದ್ದು ಪತಿ ಮಾಣೆಕ್‌ಶಾ ಅವರ ಹೆಸರಿನಲ್ಲಿ! ತೆಗೆದವರ ಹೆಸರು ಹಾಕದೆ ಚಿತ್ರ ಬಳಸಬಾರದೆಂಬ ನಿಯಮ ಕಂಡಾಗಲೆಲ್ಲ ನನಗೆ ಅವರ ನೆನಪಾಗುತ್ತದೆ.

ಎರಡನೆಯವರು ಜ್ಯೋತಿ ಭಟ್. ಇಲ್ಲಿನ ಎಂ.ಎಸ್. ವಿಶ್ವವಿದ್ಯಾಲಯದ ಲಲಿತಕಲಾ ವಿಭಾಗದಲ್ಲಿ ಕಲಿತು, ಅಲ್ಲೇ ಕಲಿಸಿದವರು. 1967ರಿಂದ ಹಳ್ಳಿಗಳನ್ನು ಸುತ್ತಿ ರಂಗೋಲಿ, ಗೋಡೆಚಿತ್ರ, ಹಚ್ಚೆಗಳ ಫೋಟೊ ತೆಗೆದರು. ಹಬ್ಬ ಮುಗಿದ ಮರುದಿನ ಅಳಿಸಿಹೋಗುವ ಕಲೆ ಅದು. ಅವರ ಸಂಗ್ರಹವನ್ನು ಏಷ್ಯಾ ಆರ್ಟ್ ಆರ್ಕೈವ್ ಡಿಜಿಟಲ್ ಮಾಡಿದ್ದು, ಮನೆಯಲ್ಲೇ ಕೂತು ನೋಡಬಹುದು.

ಮೂರನೆಯವರು ನಮ್ಮವರೇ, ಬೆಂಗಳೂರಿನ ಎನ್. ಪುಷ್ಪಮಾಲಾ. ಇದೇ ವಿಶ್ವವಿದ್ಯಾಲಯದಲ್ಲಿ ಶಿಲ್ಪಕಲೆ ಓದಿ, ಆಮೇಲೆ ತಾವೇ ವೇಷ ತೊಟ್ಟು ಕ್ಯಾಮೆರಾದ ಮುಂದೆ ನಿಂತು ಹೆಸರಾದರು. ಲಕ್ಷ್ಮೀ ವಿಲಾಸದ ಗೋಡೆಗಳ ಮೇಲೆ ರಾಜಾ ರವಿವರ್ಮರ ಮೂಲ ಚಿತ್ರಗಳಿವೆ. ಅದೇ ರವಿವರ್ಮರ ಲಕ್ಷ್ಮಿಯಾಗಿ ಪುಷ್ಪಮಾಲಾ ಕ್ಯಾಮೆರಾದ ಮುಂದೆ ನಿಂತ ಚಿತ್ರವೂ ಇದೆ.

ಸೂರತ್: ಪೋಂಕ್ ಮತ್ತು ಸೀತನಿ

ಸೂರತ್‌ನಲ್ಲಿ ಪ್ರವಾಸಿಗರು ಕಡಿಮೆ, ಫೋಟೊಗಳೂ ಕಡಿಮೆ. ಇದ್ದವುಗಳಲ್ಲಿ ಇಂಗ್ಲಿಷ್ ಮತ್ತು ಡಚ್ ಗೋರಿಗಳ ಚಿತ್ರಗಳು ಮುಖ್ಯ. ವ್ಯಾಪಾರಕ್ಕೆ ಬಂದು ಇಲ್ಲೇ ಸತ್ತ ಕಂಪನಿಯ ಅಧಿಕಾರಿಗಳಿಗೆ ಕಟ್ಟಿದ ಗುಮ್ಮಟಗಳು ಅವು. ದೂರದಿಂದ ನೋಡಿದರೆ ಸುಲ್ತಾನರ ಸಮಾಧಿ ಎನ್ನಬೇಕು, ಅಷ್ಟು ಭರ್ಜರಿ. ಊರು ಬಿಟ್ಟು ಕೆಲಸಕ್ಕೆ ಬಂದ ನಮ್ಮಂಥವರು ಒಮ್ಮೆ ನೋಡಬೇಕಾದ ಜಾಗ.

ನಾನು ಸೇರಿಸಿದ ಚಿತ್ರಗಳಲ್ಲಿ ನನಗೆ ಇಷ್ಟವಾದದ್ದು ಪೋಂಕ್‌ನದು. ಚಳಿಗಾಲದಲ್ಲಿ ಎಳೆ ಜೋಳದ ತೆನೆಯನ್ನು ಕೆಂಡದಲ್ಲಿ ಸುಟ್ಟು, ಬಡಿದು, ಹಸಿರು ಕಾಳು ಬಿಡಿಸಿ ಸೇವ್ ಜೊತೆ ಮಾರುತ್ತಾರೆ. ತಾಪಿ ನದಿಯ ದಂಡೆಯಲ್ಲಿ ಅದರದೇ ಅಂಗಡಿಗಳ ಸಾಲಿರುತ್ತದೆ. ಗುಜರಾತಿ, ಇಂಗ್ಲಿಷ್ ಹೆಸರಿನ ಜೊತೆ ಕನ್ನಡದಲ್ಲಿ 'ಸೂರತ್‌ನ ಪೋಂಕ್, ಉತ್ತರ ಕರ್ನಾಟಕದ ಸೀತನಿ' ಎಂದು ಅಡಿಬರಹ ಬರೆದೆ. ಅದನ್ನು ನೋಡಿದ ವಿಜಯಪುರದ ಗೆಳೆಯ ಫೋನ್ ಮಾಡಿದ: 'ಎಂಟ್ ವರ್ಷ ಆತು ಸೂರತ್‌ಗೆ ಬಂದು. ದಿನಾ ಅದರ ಮುಂದ ಹಾದು ಹೋಗ್ತೀನಿ. ಅದು ಸೀತನಿ ಅಂತ ಇವತ್ತ ಗೊತ್ತಾತು ನೋಡಪಾ.' ಆ ಭಾನುವಾರ ಮಕ್ಕಳನ್ನು ಕರೆದುಕೊಂಡು ಹೋಗಿ ತಿನ್ನಿಸಿದನಂತೆ.

ಹೆಸರಿಲ್ಲದ ಒಂದು ಫೋಟೊ

ಇಷ್ಟೆಲ್ಲ ಯಾಕೆ ಹೇಳುತ್ತಿದ್ದೇನೆ ಎಂದರೆ, ನಮ್ಮ ಮನೆಯಲ್ಲೊಂದು ಕಪ್ಪು-ಬಿಳುಪು ಫೋಟೊ ಇದೆ. ನಮ್ಮ ದೊಡ್ಡಪ್ಪ ಎಪ್ಪತ್ತರ ದಶಕದಲ್ಲಿ ಅಹಮದಾಬಾದ್‌ನ ಬಟ್ಟೆ ಗಿರಣಿಯೊಂದರಲ್ಲಿ ಕೆಲಸಕ್ಕಿದ್ದರು. ಗಿರಣಿಯ ಗೇಟಿನ ಮುಂದೆ ಆರು ಜನರ ಜೊತೆ ನಿಂತಿದ್ದಾರೆ. ಹಿಂದೆ ಎತ್ತರದ ಚಿಮಣಿ. ಹಿಂಬದಿಯಲ್ಲಿ ಒಂದಕ್ಷರವೂ ಇಲ್ಲ. ಯಾವ ಗಿರಣಿ, ಯಾವ ವರ್ಷ, ಉಳಿದವರು ಯಾರು, ಅವರಲ್ಲಿ ಕನ್ನಡಿಗರು ಎಷ್ಟು? ಕೇಳೋಣವೆಂದರೆ ದೊಡ್ಡಪ್ಪ ಈಗಿಲ್ಲ. 1861ರಲ್ಲಿ ಮೊದಲ ಗಿರಣಿ ಶುರುವಾಗಿ 'ಪೂರ್ವದ ಮ್ಯಾಂಚೆಸ್ಟರ್' ಎನಿಸಿಕೊಂಡಿದ್ದ ಊರಿದು. ಎಂಬತ್ತು, ತೊಂಬತ್ತರ ದಶಕಗಳಲ್ಲಿ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ದಾವಣಗೆರೆಯವರಿಗೆ ಈ ಕಥೆ ಬಿಡಿಸಿ ಹೇಳಬೇಕಿಲ್ಲ. ಫೋಟೊ ಇದೆ, ದೊಡ್ಡಪ್ಪನ ಮುಖ ಸ್ಪಷ್ಟವಾಗಿದೆ, ಆದರೆ ಅವರ 15 ವರ್ಷದ ದುಡಿಮೆ ಎಲ್ಲಿ ನಡೆಯಿತೆಂದು ಹೇಳುವವರಿಲ್ಲ.

ಈಗ ರಜಾದಿನ ಸಿಕ್ಕಾಗ ಉಳಿದ ಚಿಮಣಿಗಳ ಫೋಟೊ ತೆಗೆಯುತ್ತೇನೆ. ರಸ್ತೆ, ಬಡಾವಣೆ, ತಾರೀಖು ಬರೆದೇ ಹಾಕುತ್ತೇನೆ. ದೊಡ್ಡಪ್ಪನ ಗೇಟು ಇನ್ನೂ ಸಿಕ್ಕಿಲ್ಲ.

ಕಂಪನಿಗಳನ್ನು ನೆಚ್ಚಿ ಕೂರುವಂತೆಯೂ ಇಲ್ಲ. ಊರೂರಿನ ಚಿತ್ರಗಳನ್ನು ನಕ್ಷೆಯ ಮೇಲೆ ತೋರಿಸುತ್ತಿದ್ದ ಪನೊರಾಮಿಯೊವನ್ನು ಗೂಗಲ್ 2016ರಲ್ಲಿ ಮುಚ್ಚಿತು. ಉಚಿತ ಖಾತೆಗಳಿಗೆ 1,000 ಚಿತ್ರಗಳ ಮಿತಿ ಹಾಕುವುದಾಗಿ ಫ್ಲಿಕರ್ 2018ರಲ್ಲಿ ಹೇಳಿತು. ಆದರೆ ಮುಕ್ತ ಪರವಾನಗಿಯಲ್ಲಿ ಅದಾಗಲೇ ಹಂಚಿಕೊಂಡಿದ್ದ ಚಿತ್ರಗಳನ್ನು ಅಳಿಸುವುದಿಲ್ಲ ಎಂದಿತು. ಎಲ್ಲರಿಗೂ ಸೇರಿದ ಚಿತ್ರಕ್ಕೆ ಆಯುಷ್ಯ ಹೆಚ್ಚು ಎನ್ನಲು ಇದು ಸಾಕು.

ನೀವೂ ಶುರು ಮಾಡಿ

ದೊಡ್ಡ ಕ್ಯಾಮೆರಾ ಬೇಡ, ಮೊಬೈಲ್ ಸಾಕು. ಪ್ರತಿ ಚಿತ್ರಕ್ಕೂ ನಾಲ್ಕು ಮಾತು ಬರೆಯಿರಿ: ಇದು ಏನು, ಎಲ್ಲಿಯದು, ಯಾವಾಗ ತೆಗೆದದ್ದು, ತೆಗೆದವರು ಯಾರು. 2019ರಿಂದ ಕಾಮನ್ಸ್‌ನಲ್ಲಿ ಒಂದೇ ಚಿತ್ರಕ್ಕೆ ಹಲವು ಭಾಷೆಗಳಲ್ಲಿ ಅಡಿಬರಹ ಸೇರಿಸಬಹುದು. ಬೇರೆಯವರು ಹಾಕಿದ ಚಿತ್ರಕ್ಕೂ ನೀವು ಕನ್ನಡದಲ್ಲಿ ಬರೆಯಬಹುದು. ಹೊಸದಾಗಿ ಈ ಕಡೆ ಬರುವ ಕನ್ನಡದ ಹುಡುಗ ಹುಡುಗಿಯರಿಗೆ ಅದು ನೀವು ಮಾಡುವ ಉಪಕಾರ.

ಕಟ್ಟಡಗಳ ಫೋಟೊ ತೆಗೆದು ಹಂಚಲು ನಮ್ಮ ಕೃತಿಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್ ಅವಕಾಶ ಕೊಟ್ಟಿದೆ. ಮನುಷ್ಯರ ವಿಷಯದಲ್ಲಿ ಎಚ್ಚರವಿರಲಿ. ಸೂರತ್‌ನ ಮಹೀಧರಪುರದ ಬೀದಿಯಲ್ಲಿ ಕಾಗದದ ಪೊಟ್ಟಣದಲ್ಲಿ ವಜ್ರ ಹಿಡಿದು ನಿಂತವರಿರಲಿ, ಪೋಂಕ್ ಸುಡುವವರಿರಲಿ, ಕೇಳಿಯೇ ಕ್ಲಿಕ್ಕಿಸಿ. ಬೇಡ ಎಂದರೆ ಮೊಬೈಲ್ ಜೇಬಿಗಿಳಿಸಿ.

ಸ್ಮಾರಕಗಳ ಚಿತ್ರಕ್ಕೆಂದೇ ಸೆಪ್ಟೆಂಬರ್‌ನಲ್ಲಿ ವಿಕಿ ಲವ್ಸ್ ಮಾನ್ಯುಮೆಂಟ್ಸ್ ಎಂಬ ಸ್ಪರ್ಧೆ ನಡೆಯುತ್ತದೆ. 2010ರಲ್ಲಿ ನೆದರ್ಲೆಂಡ್ಸ್‌ನಲ್ಲಿ ಆರಂಭವಾಗಿ, 2012ರಲ್ಲಿ ಭಾರತಕ್ಕೂ ಬಂತು. ಬಹುಮಾನ ಬಾರದಿದ್ದರೂ ಚಿತ್ರ ಉಳಿಯುತ್ತದೆ. ಮುಂದಿನ ಸಲ ಊರಿಗೆ ಹೋದಾಗ ಅಟ್ಟದ ಮೇಲಿನ ಆಲ್ಬಮ್ಮನ್ನೂ ಇಳಿಸಿ. ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಪ್ರತಿ ಫೋಟೊದ ಹಿಂದೆ ಪೆನ್ಸಿಲ್‌ನಲ್ಲಿ ಹೆಸರುಗಳನ್ನು ಬರೆದಿಡಿ. ಅವರು ಹೇಳುವಂತಿರುವಾಗಲೇ.