ನಾಯಿಕೆಮ್ಮಿನ ಲಸಿಕೆಯ ವಿವಾದ

ನಾಯಿಕೆಮ್ಮಿನ ಲಸಿಕೆಯು ಶಿಶುಗಳ ಮೆದುಳಿಗೆ ಶಾಶ್ವತ ಹಾನಿ ಮಾಡುತ್ತದೆಯೇ ಎಂಬ ಪ್ರಶ್ನೆಯನ್ನು ಕುರಿತು 1970 ಹಾಗೂ 1980ರ ದಶಕಗಳಲ್ಲಿ ಬ್ರಿಟನ್, ಜಪಾನ್, ಅಮೆರಿಕ ಮೊದಲಾದ ದೇಶಗಳಲ್ಲಿ ನಡೆದ ಸಾರ್ವಜನಿಕ ಚರ್ಚೆಯೇ ನಾಯಿಕೆಮ್ಮಿನ ಲಸಿಕೆಯ ವಿವಾದ. ಇದರ ಪರಿಣಾಮವಾಗಿ ಹಲವು ದೇಶಗಳಲ್ಲಿ ಲಸಿಕೆ ಹಾಕಿಸುವವರ ಸಂಖ್ಯೆ ಕುಸಿದು, ಹತೋಟಿಗೆ ಬಂದಿದ್ದ ರೋಗ ಮತ್ತೆ ತಲೆಯೆತ್ತಿತು. ಇನ್ನೊಂದೆಡೆ, ಹೊಸ ಬಗೆಯ ಲಸಿಕೆ ಹಾಗೂ ಪರಿಹಾರಧನದ ಕಾನೂನುಗಳು ಬರಲು ಈ ವಿವಾದವೇ ಕಾರಣವಾಯಿತು.

ರೋಗ ಮತ್ತು ಲಸಿಕೆ

ನಾಯಿಕೆಮ್ಮು ಬೋರ್ಡೆಟೆಲ್ಲಾ ಪರ್ಟುಸಿಸ್ ಎಂಬ ಬ್ಯಾಕ್ಟೀರಿಯದಿಂದ ಬರುವ ಸಾಂಕ್ರಾಮಿಕ ರೋಗ. ಕೆಮ್ಮು ಒಂದರ ಮೇಲೊಂದು ಬಂದು, ಕೊನೆಯಲ್ಲಿ ಉಸಿರೆಳೆದುಕೊಳ್ಳುವಾಗ ಗಂಟಲಿನಿಂದ ಕೂಗಿದಂತಹ ಸದ್ದು ಹೊರಡುತ್ತದೆ. ಎಳೆಗೂಸುಗಳಲ್ಲಿ ಈ ಸದ್ದೂ ಇಲ್ಲದೆ ಉಸಿರೇ ನಿಂತುಹೋಗುವುದುಂಟು. ರೋಗದಿಂದ ಸಾಯುವವರಲ್ಲಿ ಹೆಚ್ಚಿನವರು ಇಂತಹ ಶಿಶುಗಳೇ.

1930ರ ದಶಕದಲ್ಲಿ ಅಮೆರಿಕದ ಮಿಷಿಗನ್ ರಾಜ್ಯದ ಪರ್ಲ್ ಕೆಂಡ್ರಿಕ್ ಮತ್ತು ಗ್ರೇಸ್ ಎಲ್ಡರಿಂಗ್ ಎಂಬ ಇಬ್ಬರು ಮಹಿಳಾ ವಿಜ್ಞಾನಿಗಳು ಇದಕ್ಕೆ ಪರಿಣಾಮಕಾರಿಯಾದ ಲಸಿಕೆಯನ್ನು ರೂಪಿಸಿದರು. ಮುಂದೆ ಇದನ್ನು ಗಂಟಲಮಾರಿ ಮತ್ತು ಧನುರ್ವಾಯುವಿನ ಲಸಿಕೆಗಳೊಡನೆ ಬೆರೆಸಿ ಡಿಪಿಟಿ ಎಂಬ ಒಂದೇ ಚುಚ್ಚುಮದ್ದನ್ನಾಗಿ ಮಾಡಲಾಯಿತು. ಕೊಂದ ಬ್ಯಾಕ್ಟೀರಿಯವನ್ನು ಇಡಿಯಾಗಿ ಬಳಸುವುದರಿಂದ ಜ್ವರ, ಊತ, ಗಂಟೆಗಟ್ಟಲೆ ನಿಲ್ಲದ ಅಳು ಇದರಲ್ಲಿ ಸಾಮಾನ್ಯ. ಚುಚ್ಚುಮದ್ದು ಹಾಕಿಸಿದ ರಾತ್ರಿ ಮಗುವಿನ ಹಣೆಗೆ ಒದ್ದೆ ಬಟ್ಟೆಯಿಟ್ಟು ತಾಯಿ ನಿದ್ದೆಗೆಡುವುದು ನಮ್ಮ ಮನೆಗಳಿಗೂ ಹೊಸತಲ್ಲ. ಅಪರೂಪವಾಗಿ ಜ್ವರದ ಜೊತೆಗೆ ಸೆಳವೂ ಬರಬಹುದು. ಇಷ್ಟನ್ನು ಎರಡೂ ಪಕ್ಷದವರು ಒಪ್ಪುತ್ತಿದ್ದರು. ಇದಕ್ಕೂ ಮೀರಿದ ಹಾನಿ ಆಗುತ್ತದೆಯೇ ಎಂಬುದರಲ್ಲಿ ಮಾತ್ರ ಭಿನ್ನಾಭಿಪ್ರಾಯವಿತ್ತು.

ಬ್ರಿಟನ್

1974ರ ಜನವರಿಯಲ್ಲಿ ಲಂಡನ್ನಿನ ಮಕ್ಕಳ ಆಸ್ಪತ್ರೆಯೊಂದರ ವೈದ್ಯರು, ಡಿಪಿಟಿ ಹಾಕಿಸಿಕೊಂಡ ಬಳಿಕ ನರಸಂಬಂಧಿ ತೊಂದರೆಗೆ ಒಳಗಾದರೆಂದು ಭಾವಿಸಲಾದ 36 ಮಕ್ಕಳ ವರದಿಯನ್ನು ಪ್ರಕಟಿಸಿದರು. ಇವು 11 ವರ್ಷಗಳ ಅವಧಿಯಲ್ಲಿ ಆಸ್ಪತ್ರೆಗೆ ಬಂದ ಪ್ರಕರಣಗಳು. ಲಸಿಕೆ ಹಾಕಿಸಿಕೊಳ್ಳದ ಮಕ್ಕಳಲ್ಲಿ ಇಂತಹ ತೊಂದರೆ ಎಷ್ಟು ಕಾಣಿಸುತ್ತದೆ ಎಂಬ ಹೋಲಿಕೆ ಅದರಲ್ಲಿರಲಿಲ್ಲ. ಮೂರ್ಛೆಯ ಕೆಲವು ಕಾಯಿಲೆಗಳು ಮೊದಲು ತಲೆದೋರುವುದೂ ಲಸಿಕೆ ಹಾಕಿಸುವುದೂ ಬಾಳಿನ ಅದೇ ಮೊದಲ ತಿಂಗಳುಗಳಲ್ಲಿ. ಆದ್ದರಿಂದ ಒಂದರ ಹಿಂದೆ ಇನ್ನೊಂದು ಬಂದದ್ದು ಕಾರ್ಯಕಾರಣವೋ ಕಾಕತಾಳೀಯವೋ ಎಂಬುದನ್ನು ಹೋಲಿಕೆಯಿಲ್ಲದೆ ನಿರ್ಣಯಿಸಲು ಬರುವುದಿಲ್ಲ.

ಆದರೆ ದೂರದರ್ಶನ ಹಾಗೂ ಪತ್ರಿಕೆಗಳು ವಿಷಯವನ್ನು ಮನೆಮನೆಗೆ ಮುಟ್ಟಿಸಿದವು. ಮಕ್ಕಳಿಗೆ ಲಸಿಕೆಯಿಂದಲೇ ಹಾನಿಯಾಯಿತೆಂದು ನಂಬಿದ ತಂದೆತಾಯಿಗಳು ಸಂಘ ಕಟ್ಟಿಕೊಂಡು ಪರಿಹಾರ ಕೇಳಿದರು. ಇವರನ್ನು ಅಜ್ಞಾನಿಗಳೆಂದು ತಳ್ಳಿಹಾಕುವುದು ನ್ಯಾಯವಲ್ಲ. ವೈದ್ಯರಲ್ಲಿಯೇ ಒಮ್ಮತವಿರಲಿಲ್ಲ, ಗ್ಲಾಸ್ಗೋ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಗಾರ್ಡನ್ ಸ್ಟುವರ್ಟ್ ಅವರೇ ಲಸಿಕೆಯನ್ನು ಬಹಿರಂಗವಾಗಿ ಪ್ರಶ್ನಿಸಿದ್ದರು. ಸುಮಾರು ಶೇ. 80ರಷ್ಟಿದ್ದ ಲಸಿಕೆಯ ಪ್ರಮಾಣ ಕೆಲವೇ ವರ್ಷಗಳಲ್ಲಿ ಶೇ. 30ರ ಆಸುಪಾಸಿಗೆ ಇಳಿಯಿತು. 1977ರಿಂದ 1979ರವರೆಗಿನ ಪಿಡುಗಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಪ್ರಕರಣಗಳು ದಾಖಲಾದವು. 1979ರಲ್ಲಿ ಸರ್ಕಾರವು ಲಸಿಕೆಯಿಂದ ತೀವ್ರ ಹಾನಿಗೊಳಗಾದವರಿಗೆ 10,000 ಪೌಂಡ್ ನೀಡುವ ಕಾನೂನನ್ನು ತಂದಿತು.

ಡೇವಿಡ್ ಮಿಲ್ಲರ್ ಮತ್ತು ಸಂಗಡಿಗರ ರಾಷ್ಟ್ರೀಯ ಅಧ್ಯಯನವು 1981ರಲ್ಲಿ ಪ್ರಕಟವಾಯಿತು. ಸುಮಾರು 3,10,000 ಚುಚ್ಚುಮದ್ದುಗಳಿಗೆ ಒಂದರಂತೆ ಶಾಶ್ವತ ಹಾನಿ ಸಂಭವಿಸಬಹುದೆಂದು ಅದು ಅಂದಾಜು ಮಾಡಿತು. ಈ ಅಂದಾಜು ನಿಂತದ್ದು ಬೆರಳೆಣಿಕೆಯ ಪ್ರಕರಣಗಳ ಮೇಲೆ. 1988ರಲ್ಲಿ ಇಂಗ್ಲೆಂಡಿನ ನ್ಯಾಯಾಲಯವೊಂದು ಇದೇ ಸಾಕ್ಷ್ಯವನ್ನು ಸುದೀರ್ಘವಾಗಿ ಪರಿಶೀಲಿಸಿ, ಲಸಿಕೆಯು ಮೆದುಳಿಗೆ ಶಾಶ್ವತ ಹಾನಿ ಮಾಡುತ್ತದೆಂಬುದು ಸಿದ್ಧವಾಗಿಲ್ಲವೆಂದು ತೀರ್ಪಿತ್ತಿತು.

ಜಪಾನ್

ಜಪಾನಿನಲ್ಲಿ 1974-75ರ ಚಳಿಗಾಲದಲ್ಲಿ ಲಸಿಕೆಯ ಬೆನ್ನಲ್ಲೇ ಇಬ್ಬರು ಶಿಶುಗಳು ತೀರಿಕೊಂಡರು. ಸರ್ಕಾರ ಲಸಿಕೆಯನ್ನು ತಾತ್ಕಾಲಿಕವಾಗಿ ನಿಲ್ಲಿಸಿ, ಬಳಿಕ ಎರಡು ವರ್ಷ ತುಂಬಿದ ಮಕ್ಕಳಿಗೆ ಮಾತ್ರ ಕೊಡಲು ಶಿಫಾರಸು ಮಾಡಿತು. ರೋಗವು ಕೊಲ್ಲುವುದು ಎರಡು ವರ್ಷ ತುಂಬದ ಮಕ್ಕಳನ್ನೇ ಆದ್ದರಿಂದ ಈ ತೀರ್ಮಾನ ದುಬಾರಿಯಾಯಿತು. 1974ರಲ್ಲಿ ಕೇವಲ 393 ಪ್ರಕರಣಗಳಿದ್ದು ಒಂದೂ ಸಾವು ಸಂಭವಿಸಿರಲಿಲ್ಲ. 1979ರಲ್ಲಿ ಸುಮಾರು 13,000 ಪ್ರಕರಣಗಳು, 41 ಸಾವುಗಳು.

ಇದೇ ದೇಶದಲ್ಲಿ ಯೂಜಿ ಸಾತೊ ಅವರು ಬ್ಯಾಕ್ಟೀರಿಯವನ್ನು ಇಡಿಯಾಗಿ ಬಳಸದೆ, ಅದರ ಕೆಲವು ಪ್ರೋಟೀನುಗಳನ್ನಷ್ಟೇ ಶುದ್ಧೀಕರಿಸಿ ಬಳಸುವ ಲಸಿಕೆಯನ್ನು ರೂಪಿಸಿದರು. 1981ರಿಂದ ಬಳಕೆಗೆ ಬಂದ ಇದರಲ್ಲಿ ಜ್ವರ, ನೋವು ಬಹಳ ಕಡಿಮೆ.

ಅಮೆರಿಕ

ಅಮೆರಿಕದಲ್ಲಿ 1982ರ ಒಂದು ದೂರದರ್ಶನ ಕಾರ್ಯಕ್ರಮದ ನಂತರ ಮೊಕದ್ದಮೆಗಳು ಹೆಚ್ಚಿ, ಕೆಲವು ತಯಾರಕರು ಡಿಪಿಟಿ ತಯಾರಿಕೆಯನ್ನೇ ಕೈಬಿಟ್ಟರು. 1986ರಲ್ಲಿ ಪರಿಹಾರಧನದ ಕಾನೂನು ಬಂದಿತು. ಲಸಿಕೆಯ ನಂತರದ ತೊಂದರೆಗಳನ್ನು ವರದಿ ಮಾಡುವುದನ್ನೂ ಅದು ಕಡ್ಡಾಯಗೊಳಿಸಿತು.

ನಂತರದ ಸಂಶೋಧನೆ

2006ರಲ್ಲಿ ಆಸ್ಟ್ರೇಲಿಯದ ಸ್ಯಾಮ್ಯುಯೆಲ್ ಬರ್ಕೋವಿಚ್ ಮತ್ತು ಸಂಗಡಿಗರು, ಲಸಿಕೆಯಿಂದ ಮೆದುಳಿಗೆ ಹಾನಿಯಾಯಿತೆಂದು ಹೇಳಲಾಗಿದ್ದ 14 ಜನರನ್ನು ಪರೀಕ್ಷಿಸಿದರು. ಅವರಲ್ಲಿ 11 ಮಂದಿಯಲ್ಲಿ ಎಸ್‌ಸಿಎನ್1ಎ ಎಂಬ ಜೀನಿನ ದೋಷ ಕಂಡುಬಂದಿತು. ಈ ದೋಷವು ಡ್ರಾವೆ ಸಿಂಡ್ರೋಮ್ ಎಂಬ ತೀವ್ರ ಮೂರ್ಛೆರೋಗಕ್ಕೆ ಕಾರಣ. ಇಂತಹ ಮಕ್ಕಳಲ್ಲಿ ಲಸಿಕೆಯ ಜ್ವರವು ಮೊದಲ ಸೆಳವನ್ನು ತುಸು ಬೇಗ ಬರಿಸಬಹುದು. ರೋಗದ ಮೂಲ ಮಾತ್ರ ಹುಟ್ಟಿನಿಂದಲೇ ಬಂದದ್ದು. ತಾಯಂದಿರು ಕಣ್ಣಾರೆ ಕಂಡದ್ದು ಸುಳ್ಳಾಗಿರಲಿಲ್ಲ, ಅದಕ್ಕೆ ಕೊಟ್ಟುಕೊಂಡ ಕಾರಣ ಬೇರೆಯಾಗಿತ್ತು. ಈ ಉತ್ತರ ದೊರೆಯಲು ಮೂವತ್ತೆರಡು ವರ್ಷಗಳು ಹಿಡಿದವು.

ಹೊಸ ಲಸಿಕೆಗೂ ಮಿತಿಯಿದೆ. ಅದರ ರಕ್ಷಣೆ ಹಳೆಯದಕ್ಕಿಂತ ಬೇಗ ಕುಗ್ಗುತ್ತದೆ. 2010ರಲ್ಲಿ ಕ್ಯಾಲಿಫೋರ್ನಿಯದಲ್ಲಿ 9,000ಕ್ಕೂ ಹೆಚ್ಚು ಪ್ರಕರಣಗಳು ಕಂಡುಬಂದು 10 ಶಿಶುಗಳು ಮೃತಪಟ್ಟವು. ಈಗ ಅನೇಕ ದೇಶಗಳಲ್ಲಿ ಗರ್ಭಿಣಿಯರಿಗೂ ಈ ಲಸಿಕೆ ಕೊಟ್ಟು, ಹುಟ್ಟುವ ಕೂಸಿಗೆ ಮೊದಲ ವಾರಗಳ ರಕ್ಷಣೆ ಒದಗಿಸಲಾಗುತ್ತದೆ.

ಭಾರತದಲ್ಲಿ

ಭಾರತದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮವು ಇಡಿಯ ಬ್ಯಾಕ್ಟೀರಿಯದ ಲಸಿಕೆಯನ್ನೇ ಉಳಿಸಿಕೊಂಡಿದೆ. 6, 10 ಮತ್ತು 14ನೆಯ ವಾರಗಳಲ್ಲಿ ಇದನ್ನು ಪೆಂಟಾವೇಲೆಂಟ್ ಲಸಿಕೆಯ ಭಾಗವಾಗಿಯೂ, 16-24 ತಿಂಗಳು ಹಾಗೂ 5-6 ವರ್ಷಗಳಲ್ಲಿ ಡಿಪಿಟಿಯಾಗಿಯೂ ಉಚಿತವಾಗಿ ನೀಡಲಾಗುತ್ತದೆ. ಖಾಸಗಿ ಆಸ್ಪತ್ರೆಗಳಲ್ಲಿ "ನೋವಿಲ್ಲದ ಇಂಜೆಕ್ಷನ್" ಎಂದು ಕರೆಯಲಾಗುವುದು ಸಾತೊ ಬಗೆಯ ಲಸಿಕೆ. ಅದಕ್ಕೆ ಹಣ ಕೊಡಬೇಕಾಗುತ್ತದೆ. ಸರ್ಕಾರಿ ಕೇಂದ್ರಗಳಲ್ಲಿ ಲಸಿಕೆ ಹಾಕಿದ ಮೇಲೆ ಮಗುವನ್ನು ಅರ್ಧ ಗಂಟೆ ಅಲ್ಲಿಯೇ ಇರಿಸಿಕೊಂಡು ನೋಡಬೇಕೆಂಬ, ಬರಬಹುದಾದ ಜ್ವರದ ಬಗ್ಗೆ ತಾಯಿಗೆ ಮುಂಚಿತವಾಗಿ ತಿಳಿಸಬೇಕೆಂಬ ನಿಯಮವಿದೆ.