ಮೂಗಿಗಿಂತ ಮೂಗುತಿ ಭಾರವಾಗದಿರಲಿ

ಕಳೆದ ವರ್ಷ ನೆಂಟರ ಮದುವೆಮನೆಯಲ್ಲಿ ಊಟಕ್ಕೆ ಕುಳಿತಿದ್ದಾಗ ಹಿರಿಯರೊಬ್ಬರು ನನ್ನ ಮಗಳನ್ನು ನೋಡಿ, "ಇವಳದು ಥೇಟ್ ಅಜ್ಜಿಯ ಗಿಣಿಮೂಗು" ಎಂದರು. ಪಂಕ್ತಿಯಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಅವಳು ನಗಲಿಲ್ಲ.

ಆಮೇಲೆ ಯಾರು ಫೋಟೊ ತೆಗೆದರೂ ಅವಳ ಕೈ ಮೂಗಿನ ಮೇಲಿರುತ್ತಿತ್ತು. ಮೊದಲ ಪಿಯುಸಿ ಪರೀಕ್ಷೆ ಮುಗಿದ ವಾರವೇ, "ಅಮ್ಮಾ, ನನ್ನ ಮೂಗಿಗೆ ಆಪರೇಷನ್ ಮಾಡಿಸ್ತೀಯಾ?" ಎಂದು ಕೇಳಿದಳು. ಬೈಯಬೇಕೆನಿಸಿತು. ಆದರೆ ನನ್ನ ನಗು ನೆನಪಾಗಿ ಸುಮ್ಮನಾದೆ. "ಮೊದಲು ಇಬ್ಬರೂ ಸರಿಯಾಗಿ ತಿಳ್ಕೊಳ್ಳೋಣ" ಎಂದು ಪ್ಲಾಸ್ಟಿಕ್ ಸರ್ಜನ್ ಒಬ್ಬರ ಬಳಿ ಕರೆದೊಯ್ದೆ.

ವೈದ್ಯರು ನನ್ನನ್ನು ಮಾತಾಡಲು ಬಿಡಲಿಲ್ಲ. "ನೀನು ಹೇಳಮ್ಮಾ, ಈ ಮೂಗು ಬೇಡ ಅಂತಿರೋದು ನಿನಗಾ, ಬೇರೆಯವರಿಗಾ?" ಎಂದು ಅವಳನ್ನೇ ಕೇಳಿದರು. ಅವಳು ತಲೆ ತಗ್ಗಿಸಿದಳು. ಅಂದು ಅವರು ಹೇಳಿದ್ದನ್ನೂ ನಾನು ಓದಿ ತಿಳಿದದ್ದನ್ನೂ ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ.

ಈ ವಿದ್ಯೆ ನಮಗೆ ಹೊಸದಲ್ಲ. ಕತ್ತರಿಸಿಹೋದ ಮೂಗನ್ನು ಕೆನ್ನೆಯ ಚರ್ಮದಿಂದ ಕಟ್ಟುವ ಕ್ರಮ ಸುಶ್ರುತ ಸಂಹಿತೆಯಲ್ಲಿದೆ. ಟಿಪ್ಪು ಸುಲ್ತಾನನ ವಿರುದ್ಧದ ಯುದ್ಧದಲ್ಲಿ ಇಂಗ್ಲಿಷರ ಸೈನ್ಯಕ್ಕೆ ಎತ್ತು ಹೊಡೆಯುತ್ತಿದ್ದ ಕವಾಸ್ಜಿ ಎಂಬಾತ ಸೆರೆಸಿಕ್ಕಿ ಮೂಗು ಕಳೆದುಕೊಂಡಿದ್ದ. ಪುಣೆಯ ಕಡೆಯ ನಾಟಿ ಶಸ್ತ್ರವೈದ್ಯನೊಬ್ಬ ಹಣೆಯ ಚರ್ಮವನ್ನು ಇಳಿಸಿ ಅವನಿಗೆ ಹೊಸ ಮೂಗು ಕಟ್ಟಿದ. ಲಂಡನ್ನಿನ ಪತ್ರಿಕೆಯೊಂದು 1794ರಲ್ಲಿ ಅದನ್ನು ಚಿತ್ರಸಹಿತ ಅಚ್ಚುಹಾಕಿತು. ಅದೇ ಕ್ರಮದಲ್ಲಿ ಜೋಸೆಫ್ ಕಾರ್ಪ್ಯೂ 1814ರಲ್ಲಿ ಲಂಡನ್ನಿನಲ್ಲಿ ಶಸ್ತ್ರಚಿಕಿತ್ಸೆ ಮಾಡಿದರು.

ಇಂದು ಅಂದಕ್ಕಾಗಿ ಮಾಡುವುದು ಬೇರೆ ಬಗೆಯದು. ಒಳಗಿನ ಮೂಳೆ ಮತ್ತು ಮೃದ್ವಸ್ಥಿಯನ್ನು ಕೆತ್ತಿ ಮೂಗಿನ ಆಕಾರ ತಿದ್ದುತ್ತಾರೆ. ಸಾಮಾನ್ಯವಾಗಿ ಪೂರ್ತಿ ಅರಿವಳಿಕೆ ಕೊಡುತ್ತಾರೆ. ಮೂಗಿನ ಬೆಳವಣಿಗೆ ಮುಗಿಯುವವರೆಗೆ ಇದನ್ನು ಮಾಡುವುದಿಲ್ಲ. ಹುಡುಗಿಯರಿಗೆ 15-16 ವರ್ಷವಾದರೂ ಆಗಿರಬೇಕು, ಹುಡುಗರಿಗೆ ಇನ್ನೂ ಒಂದೆರಡು ವರ್ಷ ಹೆಚ್ಚು. ಮನಸ್ಸೂ ಬಲಿತಿರಬೇಕು.

ಶಸ್ತ್ರಚಿಕಿತ್ಸೆಯಾದ ಮೇಲೆ ಸುಮಾರು ಒಂದು ವಾರ ಮೂಗಿನ ಮೇಲೆ ಪಟ್ಟಿ ಇರುತ್ತದೆ. ಕಣ್ಣಿನ ಸುತ್ತ ಕಪ್ಪುಗಟ್ಟಿದ್ದು ಇಳಿಯಲು ಎರಡು ವಾರ ಬೇಕಾಗಬಹುದು. ಕೆಲವು ವಾರ ಕನ್ನಡಕವನ್ನು ಮೂಗಿನ ಮೇಲೆ ಊರುವಂತಿಲ್ಲ, ಚೆಂಡಾಟವೂ ಇಲ್ಲ. ಊತ ಪೂರ್ತಿ ಇಳಿದು ನಿಜವಾದ ಆಕಾರ ಕಾಣಲು ಒಂದು ವರ್ಷವೇ ಹಿಡಿಯಬಹುದು. ರಕ್ತಸ್ರಾವ, ಸೋಂಕು, ಉಸಿರಾಟದ ತೊಂದರೆ, ಮೂಗು ಸ್ವಲ್ಪ ಸೊಟ್ಟಗಾಗುವುದು, ಇವೆಲ್ಲ ಸಾಧ್ಯ. ಕೆಲವರಿಗೆ ಎರಡನೇ ಬಾರಿ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ, ಅದು ಮೊದಲಿನದಕ್ಕಿಂತ ಕಷ್ಟದ್ದು. ಬರೀ ಅಂದಕ್ಕಾಗಿ ಮಾಡಿಸಿದರೆ ವಿಮೆ ಸಾಮಾನ್ಯವಾಗಿ ಹಣ ಕೊಡುವುದಿಲ್ಲ. ಮೂಗಿನ ನಡುಗೋಡೆ ಸೊಟ್ಟಗಿದ್ದು ಉಸಿರಾಡಲು ಕಷ್ಟವಿದ್ದರೆ ಅದು ಬೇರೆ ಚಿಕಿತ್ಸೆ. ಬ್ಯೂಟಿ ಪಾರ್ಲರಿನವರ ಮಾತು ನಂಬಿ ಹೋಗಬೇಡಿ. ಪ್ಲಾಸ್ಟಿಕ್ ಸರ್ಜರಿ ಅಥವಾ ಕಿವಿ-ಮೂಗು-ಗಂಟಲು ವಿಭಾಗದಲ್ಲಿ ಓದಿ, ಮೂಗಿನ ಶಸ್ತ್ರಚಿಕಿತ್ಸೆಯ ಅನುಭವ ಇರುವವರನ್ನೇ ಕಾಣಿ.

ಕೊನೆಗೆ ವೈದ್ಯರು ಅವಳ ಮೊಬೈಲ್ ನೋಡಿದರು. ತುಂಬ ಸೆಲ್ಫಿಗಳು. "ಕನ್ನಡಿಗಿಂತ ಇದನ್ನೇ ಜಾಸ್ತಿ ನಂಬ್ತೀಯಲ್ಲಮ್ಮಾ" ಎಂದು ನಕ್ಕರು. ಒಂದಡಿ ದೂರದಿಂದ ತೆಗೆದ ಸೆಲ್ಫಿಯಲ್ಲಿ ಮೂಗು, ಐದಡಿ ದೂರದ ಫೋಟೊಗಿಂತ ಶೇ 30ರಷ್ಟು ಅಗಲವಾಗಿ ಕಾಣುತ್ತದೆ ಎಂದು 2018ರಲ್ಲಿ ಅಮೆರಿಕದ ತಜ್ಞರು ಲೆಕ್ಕ ಹಾಕಿದ್ದಾರಂತೆ.

ಮನೆಗೆ ಬರುವಾಗ ಬಸ್ಸಿನಲ್ಲಿ ನಾನೇ ಮಾತು ತೆಗೆದೆ. "ಅವತ್ತು ನಾನು ನಗಬಾರದಿತ್ತು ಕಣೇ."

ಅವಳು ಬಹಳ ಹೊತ್ತು ಕಿಟಕಿಯಾಚೆ ನೋಡುತ್ತಿದ್ದಳು. "ಈಗ ಬೇಡಮ್ಮಾ. ಆದರೆ ಹದಿನೆಂಟಾದ ಮೇಲೂ ಬೇಕು ಅನಿಸಿದ್ರೆ?"

"ಆಗ ನಾನೇ ಜೊತೆಗೆ ಬರ್ತೀನಿ" ಎಂದೆ.

ಮೊನ್ನೆ ಹಬ್ಬದ ದಿನ ಅಜ್ಜಿಯ ಹಳೆಯ ಮೂಗುಬೊಟ್ಟನ್ನು ಪೆಟ್ಟಿಗೆಯಿಂದ ತೆಗೆದು, ಕನ್ನಡಿಯ ಮುಂದೆ ನಿಂತು ಮೂಗಿಗೆ ಹಿಡಿದು ನೋಡುತ್ತಿದ್ದಳು. ನಾನು ಏನೂ ಹೇಳಲಿಲ್ಲ. ಇನ್ನು ಮುಂದೆ ಅವಳ ಮೂಗಿನ ಬಗ್ಗೆ ಮಾತಾಡುವುದಿದ್ದರೆ ಅವಳೇ ಮಾತಾಡಲಿ.